ಬಿಸಿಲಿನಿಂದ ಬಂದವರು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ? ಗಲ್ಫ್‌ನ ಮರುಭೂಮಿ ಸೈಟ್‌ಗಳಿಗೆ ಹೋಗುವ ಫಾರ್ವರ್ಡ್‌ಗಳ ಸತ್ಯಾಸತ್ಯ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಈ ಸಂದೇಶ ತಪ್ಪದೆ ವಾಟ್ಸಾಪ್‌ಗೆ ಬರುತ್ತದೆ. ನಿಮಗೂ ಬಂದಿರುತ್ತದೆ. ತಾಪಮಾನ 40 ಡಿಗ್ರಿ ದಾಟಿದಾಗ ತಣ್ಣೀರು ಕುಡಿಯಬೇಡಿ, ಕುಡಿದರೆ ದೇಹದ ಸಣ್ಣ ರಕ್ತನಾಳಗಳು ಒಡೆದುಹೋಗುತ್ತವೆ, ಬಿಸಿಲಿನಿಂದ ಬಂದ ಕೂಡಲೇ ಕೈಕಾಲು ತೊಳೆಯಬೇಡಿ, ಅರ್ಧ ಗಂಟೆ ಕಾಯಿರಿ, ಹಾಗೆ ಮಾಡಿದ ಒಬ್ಬರು ಕುಸಿದು ಬಿದ್ದರು ಎಂಬ ಸಂದೇಶ. ಕೊನೆಯಲ್ಲಿ 'ನಿಮ್ಮವರಿಗೆಲ್ಲ ಕಳುಹಿಸಿ' ಎಂದಿರುತ್ತದೆ.

ನಮ್ಮ ಕುಟುಂಬದ ಗ್ರೂಪ್‌ಗೂ ಬಂತು. ಕಳುಹಿಸಿದ್ದು ನನ್ನ ಚಿಕ್ಕಮ್ಮ. ಅವರ ಮಗ ಆಗಷ್ಟೇ ಕುಂದಾಪುರದಿಂದ ಹೊರಟು ಅಬುಧಾಬಿಯ ಪಶ್ಚಿಮಕ್ಕಿರುವ ಅಲ್ ಧಫ್ರಾ ಕಡೆಯ ಒಂದು ಕನ್‌ಸ್ಟ್ರಕ್ಷನ್ ಸೈಟ್‌ಗೆ ಸ್ಟೀಲ್ ಫಿಕ್ಸರ್ ಆಗಿ ಸೇರಿದ್ದ. "ಇದ್ ಹೌದಾ? ಅವ್ನಿಗೂ ಕಳ್ಸ್ಲಾ?" ಎಂದು ಚಿಕ್ಕಮ್ಮ ನನ್ನನ್ನೇ ಕೇಳಿದ್ದರು. ಹಳೇ ಫಾರ್ವರ್ಡ್, ಇದರಿಂದ ಯಾರಿಗೇನು ತೊಂದರೆ ಎಂದುಕೊಂಡು ನಾನು ಉತ್ತರಿಸಲಿಲ್ಲ. ಅವರು ಮಗನಿಗೆ ಕಳುಹಿಸಿದರು.

ಜೂನ್ ತಿಂಗಳಲ್ಲಿ, ಕೆಲಸಕ್ಕೆ ಇಳಿದ ನಾಲ್ಕನೇ ದಿನ ಬೆಳಗ್ಗೆ 11 ಗಂಟೆಯ ಹೊತ್ತಿಗೆ ಅವನು ಸೈಟ್‌ನಲ್ಲಿ ಕುಸಿದು ಬಿದ್ದ. ಆಮೇಲೆ ಗೊತ್ತಾದದ್ದು ಇಷ್ಟು: ಅಮ್ಮ ಹೇಳಿದ್ದಾರೆಂದು ಅವನು ಕೂಲರ್‌ನ ತಣ್ಣೀರು ಮುಟ್ಟುತ್ತಿರಲಿಲ್ಲ. ಬಿಸಿಲಿಗೆ ಕಾದ ಬಾಟಲಿಯ ನೀರು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಚಹಾದಷ್ಟು ಬಿಸಿಯಾದ ನೀರನ್ನು ಯಾರು ಎಷ್ಟು ಕುಡಿದಾರು? ಅವನು ಬಿದ್ದಾಗ ಮೈಮೇಲೆ ತಣ್ಣೀರು ಸುರಿಯಲು ಹೋದವರನ್ನು ಜೊತೆಯಲ್ಲಿದ್ದ ಒಬ್ಬರು ತಡೆದರಂತೆ. ಅವರ ಫೋನಿಗೂ ಬೇರೆ ಭಾಷೆಯಲ್ಲಿ ಅದೇ ಸಂದೇಶ ಬಂದಿತ್ತು. ಓಡಿ ಬಂದ ಸೈಟ್ ನರ್ಸ್ ಯಾರ ಮಾತನ್ನೂ ಕೇಳದೆ ಕೂಲರ್‌ನ ಐಸ್ ನೀರನ್ನು ಅವನ ಮೈಮೇಲೆ ಸುರಿದರು. ಅವನು ಉಳಿದ.

ಅದಕ್ಕಾಗಿಯೇ ಈ ಲೇಖನ. ಮರುಭೂಮಿಯ ಸೈಟ್‌ನಲ್ಲಿ ದಿನ ಹೇಗಿರುತ್ತದೆ, ಅಲ್ಲಿ ದೇಹಕ್ಕೆ ಏನಾಗುತ್ತದೆ, ನಾವು ಇಲ್ಲಿಂದ ಕಳುಹಿಸುವ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ಒಂದೊಂದಾಗಿ ನೋಡೋಣ.

ಬೆಳಗಿನ ಜಾವ ಮೂರೂವರೆಗೆ ಶುರುವಾಗುವ ದಿನ

ಗಲ್ಫ್ ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ದುಬೈನ ಗಗನಚುಂಬಿಗಳು. ಆದರೆ ತೈಲ ಪೈಪ್‌ಲೈನ್, ಸೋಲಾರ್ ಪಾರ್ಕ್, ಹೆದ್ದಾರಿ, ಸಬ್‌ಸ್ಟೇಷನ್‌ಗಳ ಕೆಲಸ ನಡೆಯುವುದು ಊರಿನಿಂದ ಗಂಟೆಗಟ್ಟಲೆ ದೂರದ ಮರುಭೂಮಿಯಲ್ಲಿ. ಅಲ್ಲಿ ಕ್ಯಾಂಪ್ ಎಂದರೆ ಸಾಲುಸಾಲು ಪೋರ್ಟಾ ಕ್ಯಾಬಿನ್‌ಗಳು. ಒಂದು ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ. ನೀರು ಟ್ಯಾಂಕರ್‌ನಲ್ಲಿ ಬರುತ್ತದೆ, ಕರೆಂಟ್ ಜನರೇಟರ್‌ನಿಂದ.

ಬೇಸಿಗೆಯಲ್ಲಿ ಮೂರೂವರೆ, ನಾಲ್ಕಕ್ಕೆಲ್ಲ ಏಳಬೇಕು. ಸ್ನಾನಕ್ಕೆ ಕ್ಯೂ, ಟಿಫಿನ್ ಡಬ್ಬಿಗೆ ಊಟ, ಬಸ್ಸು. ಐದೂವರೆ ಹೊತ್ತಿಗೆ ಸೈಟ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ 'ಟೂಲ್‌ಬಾಕ್ಸ್ ಟಾಕ್' ಎಂಬ ಸುರಕ್ಷತಾ ಪಾಠ. ಆಮೇಲೆ ಹೆಲ್ಮೆಟ್, ಕವರಾಲ್, ಸೇಫ್ಟಿ ಶೂ, ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಇಳಿಯುವುದು. ಹನ್ನೊಂದರ ಹೊತ್ತಿಗೆ ಕಬ್ಬಿಣದ ಕಂಬಿಯನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಕೆಲವು ದಿನ 'ಶಮಾಲ್' ಎಂಬ ವಾಯವ್ಯದ ಗಾಳಿ ಬೀಸಿದರೆ ಧೂಳಿನಲ್ಲಿ ಎದುರಿಗಿರುವ ಕ್ರೇನ್ ಕೂಡ ಕಾಣುವುದಿಲ್ಲ.

ಸಂಜೆ ಕ್ಯಾಂಪ್‌ಗೆ ಮರಳಿದರೆ ನಲ್ಲಿಯಲ್ಲಿ ಬರುವುದು ಕುದಿಯುವಂಥ ನೀರು. ಟ್ಯಾಂಕ್ ಇರುವುದು ಮೇಲೆ, ಬಿಸಿಲಿನಲ್ಲಿ. ಅದಕ್ಕೆ ಹಳಬರು ಒಂದು ಉಪಾಯ ಕಂಡುಕೊಂಡಿದ್ದಾರೆ: ಬೇಸಿಗೆಯಲ್ಲಿ ಗೀಸರ್ ಆಫ್ ಮಾಡಿಬಿಡುತ್ತಾರೆ. ಗೀಸರ್ ಇರುವುದು ಎಸಿ ಇರುವ ಕಟ್ಟಡದ ಒಳಗೆ, ಹಾಗಾಗಿ ಅದರೊಳಗಿನ ನೀರೇ ತಣ್ಣಗಿರುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು!

ಊಟ ಕುಬ್ಬೂಸ್, ದಾಲ್, ಅನ್ನ, ಕೋಳಿ. ಮಲಗುವ ಮುನ್ನ ಮನೆಗೆ ಫೋನ್. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್‌ಗೆ ನಿರ್ಬಂಧವಿದೆ. ಅದಕ್ಕೇ ಹೆಚ್ಚಿನವರು ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ. ಅಲ್ಲಿನ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರಿಗೆ ರಾತ್ರಿ ಒಂಬತ್ತು ಎಂದರೆ ನಮಗೆ ಹತ್ತೂವರೆ. ದಿನವಿಡೀ ಊರಿನ ಜೊತೆ ಕೊಂಡಿಯಾಗಿ ಇರುವುದು ವಾಟ್ಸಾಪ್ ಸಂದೇಶಗಳೇ. ಹಾಗಾಗಿಯೇ ಊರಿನಿಂದ ಬಂದ ಫಾರ್ವರ್ಡ್‌ಗೆ ಅಲ್ಲಿ ಸೇಫ್ಟಿ ಆಫೀಸರ್ ಮಾತಿಗಿಂತ ಹೆಚ್ಚು ತೂಕ.

ಫಾರ್ವರ್ಡ್ 1: 'ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ'

ಇದು ಸುಳ್ಳು.

ತಣ್ಣೀರು ಹೊಟ್ಟೆಗೆ ಹೋದರೆ ರಕ್ತನಾಳ ಒಡೆಯುವುದಿಲ್ಲ. ಚರ್ಮಕ್ಕೆ ತಂಪು ತಾಗಿದಾಗ ಅಲ್ಲಿನ ಸಣ್ಣ ರಕ್ತನಾಳಗಳು ಸ್ವಲ್ಪ ಕುಗ್ಗುತ್ತವೆ, ಬಿಸಿ ತಾಗಿದಾಗ ಹಿಗ್ಗುತ್ತವೆ. ಇದು ದೇಹ ದಿನವೂ ಮಾಡುವ ಕೆಲಸ. ಕುಗ್ಗುವುದಕ್ಕೂ ಒಡೆಯುವುದಕ್ಕೂ ಸಂಬಂಧವಿಲ್ಲ. ಗಬಗಬನೆ ಒಂದೇ ಸಲಕ್ಕೆ ಕುಡಿದರೆ ಹೊಟ್ಟೆ ಹಿಡಿದಂತಾಗಬಹುದು, ಕೆಲವರಿಗೆ ತಲೆನೋವು ಬರಬಹುದು. ಅಷ್ಟೇ.

ವಾಸ್ತವ ಇದಕ್ಕೆ ತದ್ವಿರುದ್ಧ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಬಿಸಿಲಿನಲ್ಲಿ ದುಡಿಯುವವರಿಗೆ ಕೊಡುವ ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಲಿ ಎನ್ನುತ್ತದೆ. ಕಾರಣ ಸರಳ: ತಣ್ಣಗಿದ್ದರೆ ಜನ ಹೆಚ್ಚು ಕುಡಿಯುತ್ತಾರೆ.

ಸೈಟ್‌ನಲ್ಲಿ ಇದಕ್ಕೊಂದು ಒಳ್ಳೆಯ ಹೋಲಿಕೆ ಇದೆ. ಅಲ್ಲಿ ಬೇಸಿಗೆಯಲ್ಲಿ ಕಾಂಕ್ರೀಟ್ ಕಲಸುವಾಗ ನೀರಿನ ಬದಲು ಐಸ್ ಹಾಕುತ್ತಾರೆ, ಹೆಚ್ಚಾಗಿ ರಾತ್ರಿಯೇ ಹಾಕಿ ಮುಗಿಸುತ್ತಾರೆ. ಬುರ್ಜ್ ಖಲೀಫಾ ಕಟ್ಟುವಾಗಲೂ ಬೇಸಿಗೆಯಲ್ಲಿ ಹೀಗೆಯೇ ಮಾಡಿದ್ದರು. ಕಾಂಕ್ರೀಟ್ ಬಿಸಿಯಾದರೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ ಎಂಬುದು ಎಲ್ಲ ಇಂಜಿನಿಯರ್‌ಗಳಿಗೂ ಗೊತ್ತು. ಕಾಂಕ್ರೀಟ್‌ಗೆ ಐಸ್ ಬೇಕು ಎಂದು ಒಪ್ಪುವ ನಾವು, ಅದನ್ನು ಸುರಿಯುವ ಮನುಷ್ಯನಿಗೆ ಮಾತ್ರ ಬೇಡ ಎಂದು ಸಂದೇಶ ಕಳುಹಿಸುತ್ತಿದ್ದೇವೆ.

ಫಾರ್ವರ್ಡ್ 2: '50 ಡಿಗ್ರಿ ಆದರೆ ರಜೆ ಕೊಡಬೇಕು, ಅದಕ್ಕೇ ಸರ್ಕಾರ 49 ಎಂದು ಸುಳ್ಳು ಹೇಳುತ್ತದೆ'

ಗಲ್ಫ್‌ನಲ್ಲಿರುವ ಎಲ್ಲರೂ ಒಮ್ಮೆಯಾದರೂ ಕೇಳಿರುವ ಮಾತು ಇದು. ಇದೂ ಸುಳ್ಳು.

ಮೊದಲನೆಯದಾಗಿ, 2016ರ ಜುಲೈ 21ರಂದು ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ತಾಪಮಾನ ಅಧಿಕೃತವಾಗಿಯೇ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಅದನ್ನು ಒಪ್ಪಿದೆ. 50 ದಾಟಿದ್ದನ್ನು ಮುಚ್ಚಿಡುತ್ತಾರೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಫೋನ್ 48 ಎನ್ನುವಾಗ ಬಸ್ಸಿನ ಅಥವಾ ಕಾರಿನ ಮೀಟರ್ 55 ತೋರಿಸುವುದು ಏಕೆ? ಹವಾಮಾನ ಇಲಾಖೆ ತಾಪಮಾನ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರದಲ್ಲಿ. ಜಗತ್ತಿನ ಎಲ್ಲೆಡೆ ಇದೇ ಪದ್ಧತಿ, ನಮ್ಮ ಕಲಬುರಗಿಯಲ್ಲೂ ಹಾಗೆಯೇ. ಕಾರಿನ ಮೀಟರ್ ಕಾದ ಡಾಂಬರಿನ ಮೇಲಿನ ಬಿಸಿಯನ್ನೂ ಸೇರಿಸಿಕೊಂಡು ಹೇಳುತ್ತದೆ. ಎರಡೂ ಸುಳ್ಳಲ್ಲ, ಅಳೆಯುವ ಜಾಗ ಬೇರೆ.

ಎರಡನೆಯದಾಗಿ, 50 ಡಿಗ್ರಿಗೆ ರಜೆ ಎಂಬ ಕಾನೂನು ಯುಎಇಯಲ್ಲಿ ಇಲ್ಲ. ಅಲ್ಲಿ ಇರುವುದು ಥರ್ಮಾಮೀಟರ್ ನೋಡುವ ನಿಯಮವಲ್ಲ, ಗಡಿಯಾರ ನೋಡುವ ನಿಯಮ. ನೇರ ಬಿಸಿಲಿನಲ್ಲಿ, ತೆರೆದ ಜಾಗದಲ್ಲಿ ಈ ಹೊತ್ತಿನಲ್ಲಿ ಕೆಲಸ ಮಾಡಿಸುವಂತಿಲ್ಲ:

- ಯುಎಇ: ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.30ರಿಂದ 3
- ಸೌದಿ ಅರೇಬಿಯಾ: ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12ರಿಂದ 3
- ಕತಾರ್: ಜೂನ್ 1ರಿಂದ ಸೆಪ್ಟೆಂಬರ್ 15, ಬೆಳಗ್ಗೆ 10ರಿಂದ ಮಧ್ಯಾಹ್ನ 3.30
- ಕುವೈತ್: ಜೂನ್ 1ರಿಂದ ಆಗಸ್ಟ್ 31, ಬೆಳಗ್ಗೆ 11ರಿಂದ ಸಂಜೆ 4
- ಓಮನ್: ಜೂನ್ 1ರಿಂದ ಆಗಸ್ಟ್ 31, ಮಧ್ಯಾಹ್ನ 12.30ರಿಂದ 3.30

ಯುಎಇಯಲ್ಲಿ ಇದನ್ನು ಮೀರಿದರೆ ಕಂಪನಿಗೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ, ಗರಿಷ್ಠ 50,000 ದಿರ್ಹಮ್‌ವರೆಗೆ ದಂಡ. ಆದರೆ ಅರ್ಧಕ್ಕೆ ನಿಲ್ಲಿಸಲಾಗದ ಕಾಂಕ್ರೀಟ್ ಕೆಲಸ, ಡಾಂಬರು ಹಾಕುವುದು, ನೀರು-ವಿದ್ಯುತ್ ಲೈನ್ ತುರ್ತು ರಿಪೇರಿಯಂಥವಕ್ಕೆ ವಿನಾಯಿತಿ ಇದೆ. ವಿನಾಯಿತಿ ಇದ್ದಾಗಲೂ ನೀರು, ತಂಪಾಗಲು ವ್ಯವಸ್ಥೆ, ಪ್ರಥಮ ಚಿಕಿತ್ಸೆ ಕೊಡಲೇಬೇಕು.

ಗಡಿಯಾರದ ನಿಯಮದ ತೊಂದರೆಯನ್ನೂ ಹೇಳಬೇಕು. ನನ್ನ ಚಿಕ್ಕಮ್ಮನ ಮಗ ಕುಸಿದದ್ದು ಹನ್ನೊಂದಕ್ಕೆ, ನಿಷೇಧ ಶುರುವಾಗುವ ಒಂದೂವರೆ ಗಂಟೆ ಮೊದಲು. ಬಿಸಿಲು ಗಡಿಯಾರ ನೋಡುವುದಿಲ್ಲ.

32.1 ಡಿಗ್ರಿಗೆ ಕೆಲಸ ನಿಲ್ಲಿಸುವುದೇ?

2021ರಿಂದ ಕತಾರ್‌ನಲ್ಲಿ ಗಡಿಯಾರದ ಜೊತೆಗೆ ಇನ್ನೊಂದು ನಿಯಮವೂ ಇದೆ: ವೆಟ್ ಬಲ್ಬ್ ಗ್ಲೋಬ್ ತಾಪಮಾನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಾದರೂ ಹೊರಗಿನ ಕೆಲಸ ನಿಲ್ಲಿಸಬೇಕು. 'ನಮ್ಮ ಮಂಗಳೂರಿನಲ್ಲಿ ದಿನಾ 32 ಇರುತ್ತದಲ್ಲ' ಎಂದು ನಗಬೇಡಿ. ಇದು ಮಾಮೂಲಿ ಥರ್ಮಾಮೀಟರ್‌ನ ಅಂಕಿಯಲ್ಲ.

ಈ ಲೆಕ್ಕದಲ್ಲಿ ಮೂರು ಅಳತೆಗಳು ಸೇರುತ್ತವೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ 70 ಪಾಲು, ಬಿಸಿಲಿಗೆ ಇಟ್ಟ ಕಪ್ಪು ಗೋಳದ ಬಿಸಿಗೆ 20 ಪಾಲು, ಗಾಳಿಯ ಬಿಸಿಗೆ 10 ಪಾಲು. ಒದ್ದೆ ಬಟ್ಟೆಗೇ ಅಷ್ಟು ಮಹತ್ವ ಏಕೆಂದರೆ ಅದು ನಮ್ಮ ಬೆವರಿನ ಹಾಗೆ ವರ್ತಿಸುತ್ತದೆ.

ಬೆವರು ಬಂದ ಮಾತ್ರಕ್ಕೆ ದೇಹ ತಣ್ಣಗಾಗುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ದೇಹದಿಂದ ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಸುಮ್ಮನೆ ಇಳಿದುಹೋಗುತ್ತದೆ. ಮಂಗಳೂರಿನ 34 ಡಿಗ್ರಿ ರಾಯಚೂರಿನ 40ರಷ್ಟೇ ಹಿಂಸೆ ಅನ್ನಿಸುವುದು ಇದಕ್ಕೇ.

ಗಲ್ಫ್‌ನಲ್ಲಿ ಎರಡೂ ಬಗೆಯ ಬಿಸಿ ಇದೆ. ಕಡಲಂಚಿನ ಸೈಟ್‌ಗಳಲ್ಲಿ ಮಂಗಳೂರಿನಂಥ ಸೆಕೆ, ಒಳನಾಡಿನ ಮರುಭೂಮಿಯಲ್ಲಿ ಒಣ ಬಿಸಿ. ಒಣ ಬಿಸಿಯಲ್ಲಿ ಮೋಸ ಹೋಗುವುದು ಸುಲಭ. ಬೆವರು ಬಂದಕೂಡಲೇ ಆರಿಹೋಗುವುದರಿಂದ 'ನನಗೆ ಬೆವರೇ ಬರ್ತಿಲ್ಲ, ನೀರು ಯಾಕೆ' ಅನ್ನಿಸುತ್ತದೆ. ಬೆವರು ಹೋಗಿರುವುದಕ್ಕೆ ಸಾಕ್ಷಿ ಸಂಜೆ ಅಂಗಿಯ ಬೆನ್ನ ಮೇಲೆ ಕಾಣುವ ಬಿಳಿ ಉಪ್ಪಿನ ಗೆರೆ.

ಫಾರ್ವರ್ಡ್ 3: 'ಬಾಯಾರಿಕೆ ಆದಾಗ ಕುಡಿದರೆ ಸಾಕು' ಮತ್ತು 'ಎಷ್ಟು ಕುಡಿದರೂ ಒಳ್ಳೆಯದೇ'

ಎರಡೂ ಅರ್ಧ ಸತ್ಯ.

ನೆರಳಲ್ಲಿ ಕುಳಿತವರಿಗೆ ಮೊದಲನೆಯದು ಸರಿ. ಬಿಸಿಲಿನಲ್ಲಿ ಕಂಬಿ ಕಟ್ಟುವವರು ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆವರು ಕಳೆದುಕೊಳ್ಳಬಹುದು. ಬಾಯಾರಿಕೆ ಅಷ್ಟು ಬೇಗ ಎಚ್ಚರಿಸುವುದಿಲ್ಲ. ಹಾಗಾಗಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ಕುಡಿಯುವುದು ಸರಿಯಾದ ಕ್ರಮ.

ಆದರೆ ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದು. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಕುಸಿದು ಪ್ರಾಣಾಪಾಯವೂ ಆಗಬಹುದು.

ಉಪ್ಪಿನ ಮಾತ್ರೆ ಬೇಕೇ? ಹೊತ್ತಿಗೆ ಸರಿಯಾಗಿ ಊಟ ಮಾಡುವವರಿಗೆ ಬೇಡ. ಅನ್ನ-ಸಾರು, ಮಜ್ಜಿಗೆ, ಅಲ್ಲಿ ಸಿಗುವ ಲಬನ್ ಸಾಕು. ಹಲವು ಗಂಟೆ ಸತತವಾಗಿ ಬೆವರಿದಾಗ ಒಆರ್‌ಎಸ್ ಒಳ್ಳೆಯದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಟೀ ಚಮಚದ ಲೆಕ್ಕ). ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಚಹಾ? ದಿನಕ್ಕೆ ಎರಡು ಮೂರು ಲೋಟ ಚಹಾದಿಂದ ದೇಹ ಒಣಗುವುದಿಲ್ಲ. ಎನರ್ಜಿ ಡ್ರಿಂಕ್ ಮಾತ್ರ ಬಿಸಿಲಿನ ಕೆಲಸದಲ್ಲಿ ಬೇಡವೇ ಬೇಡ.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲ ಎಂಬ ಫಾರ್ವರ್ಡ್ ಕೂಡ ಓಡಾಡುತ್ತಿದೆ. ಈರುಳ್ಳಿ ಊಟದ ಜೊತೆ ಇರಲಿ, ಜೇಬಿನಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಫಾರ್ವರ್ಡ್ 4: 'ನಮ್ಮವರಿಗೆ ಬಿಸಿಲು ಅಭ್ಯಾಸ, ಏನೂ ಆಗಲ್ಲ'

ಇದು ಫಾರ್ವರ್ಡ್‌ಗಿಂತ ಹೆಚ್ಚಾಗಿ ನಾವೇ ಹೇಳಿಕೊಳ್ಳುವ ಧೈರ್ಯದ ಮಾತು. ಎಲ್ಲಕ್ಕಿಂತ ಅಪಾಯಕಾರಿಯಾದದ್ದೂ ಇದೇ.

ದೇಹಕ್ಕೆ ಬಿಸಿಲು ಅಭ್ಯಾಸ ಆಗುವುದು ನಿಜ. ಏಳರಿಂದ ಹದಿನಾಲ್ಕು ದಿನಗಳಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹತೋಟಿಗೆ ಬರುತ್ತದೆ. ಆದರೆ ಆ ದಿನಗಳನ್ನು ಹಂತಹಂತವಾಗಿ ದಾಟಬೇಕು. ಬಿಸಿಲಿನಿಂದಾಗುವ ಕಾರ್ಮಿಕರ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸದ ಮೊದಲ ದಿನವೇ, ಶೇ. 70ಕ್ಕಿಂತ ಹೆಚ್ಚು ಮೊದಲ ವಾರದಲ್ಲೇ ಆಗುತ್ತವೆ ಎಂದು ಓಶಾ ಹೇಳುತ್ತದೆ.

ಅದಕ್ಕೇ ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಶೇ. 20 ಮಾತ್ರ ಇರಬೇಕು. ಆಮೇಲೆ ದಿನಕ್ಕೆ ಶೇ. 20ರಂತೆ ಏರಿಸುತ್ತಾ ಐದನೇ ದಿನಕ್ಕೆ ಪೂರ್ತಿ ಕೆಲಸ. ನಮ್ಮ ಹುಡುಗನಿಗೆ ಮೊದಲ ದಿನದಿಂದಲೇ ಪೂರ್ತಿ ಡ್ಯೂಟಿ ಕೊಟ್ಟಿದ್ದರು. ಹೊಸಬ, ಆಗುವುದಿಲ್ಲ ಎಂದು ಹೇಳಲು ಅವನಿಗೂ ಸಂಕೋಚ.

ಹಳಬರೂ ಗಮನಿಸಬೇಕು. ಈ ಅಭ್ಯಾಸ ಉಳಿತಾಯ ಖಾತೆಯ ಹಣದಂತೆ ಹಾಗೆಯೇ ಉಳಿಯುವುದಿಲ್ಲ. ಬಿಸಿಲಿನಿಂದ ಒಂದು ವಾರ ದೂರವಿದ್ದರೆ ಕರಗಲು ಶುರುವಾಗುತ್ತದೆ, ಒಂದು ತಿಂಗಳಲ್ಲಿ ಬಹುತೇಕ ಹೋಗಿರುತ್ತದೆ. ಊರಿಗೆ ರಜೆಗೆ ಬಂದು, ಮಳೆಗಾಲದ ತಂಪಿನಲ್ಲಿ ಎರಡು ತಿಂಗಳು ಇದ್ದು ಜುಲೈ, ಆಗಸ್ಟ್‌ನಲ್ಲಿ ಮರಳುವವರು ಹತ್ತು ವರ್ಷದ ಅನುಭವಿಗಳಾದರೂ ದೇಹದ ಲೆಕ್ಕದಲ್ಲಿ ಹೊಸಬರೇ. ಅವರಿಗೆ ಮೊದಲ ದಿನ ಶೇ. 50, ನಂತರ 60, 80, ನಾಲ್ಕನೇ ದಿನ ಪೂರ್ತಿ ಎಂಬ ಕ್ರಮ ಇದೆ.

ಕುಸಿದು ಬಿದ್ದರೆ: ಮೊದಲು ತಂಪು, ಆಮೇಲೆ ಸಾಗಾಟ

ತಲೆನೋವು, ಸುಸ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ಬೆವರು. ಇವು ದೇಹದ ಮೊದಲ ಎಚ್ಚರಿಕೆ. ನೆರಳಿಗೆ ಬಂದು, ಬಟ್ಟೆ ಸಡಿಲಿಸಿ, ತಣ್ಣೀರು ಕುಡಿದು ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಮಾತು ತಡವರಿಸಿದರೆ, ಏನೇನೋ ಮಾತಾಡಿದರೆ, ನಡಿಗೆ ತಪ್ಪಿದರೆ, ಪ್ರಜ್ಞೆ ಹೋದರೆ ಅದು ಹೀಟ್ ಸ್ಟ್ರೋಕ್. ದೇಹದೊಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. 'ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್' ಎಂಬುದು ತಪ್ಪು. ದುಡಿಯುವಾಗ ಆಗುವ ಹೀಟ್ ಸ್ಟ್ರೋಕ್‌ನಲ್ಲಿ ಮೈ ಬೆವರಿನಿಂದ ತೊಯ್ದಿರಬಹುದು. ಮಾತು, ವರ್ತನೆ ಬದಲಾಗಿದೆಯೇ ಎಂಬುದೇ ಮುಖ್ಯ ಗುರುತು.

ಆಗ ಮಾಡಬೇಕಾದ್ದು:

1. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿ. ಯುಎಇ 998, ಸೌದಿ 997, ಕತಾರ್ 999, ಬಹ್ರೇನ್ 999, ಕುವೈತ್ 112, ಓಮನ್ 9999.
2. ಉಳಿದವರು ನೆರಳಿಗೆ ತಂದು ಹೆಲ್ಮೆಟ್, ಕವರಾಲ್, ಶೂ ಬಿಚ್ಚಿ.
3. ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ಸುರಿಯಿರಿ. ಐಸ್ ಇದ್ದರೆ ಅದನ್ನೂ ಬಳಸಿ. ಗಾಳಿ ಬೀಸಿ.
4. ಸೈಟ್‌ನಲ್ಲಿ ಟಾರ್ಪಾಲು ಇದ್ದೇ ಇರುತ್ತದೆ. ಅದರ ಮೇಲೆ ಮಲಗಿಸಿ, ನಾಲ್ಕೂ ಅಂಚು ಎತ್ತಿ ಹಿಡಿದು, ಒಳಗೆ ಐಸ್ ನೀರು ಸುರಿದು ಅಲುಗಾಡಿಸಿ. ತಲೆ ನೀರಿನಿಂದ ಮೇಲಿರಲಿ. ಟಬ್ ಇಲ್ಲದ ಕಡೆ ತಂಪು ಮಾಡಲು ಇದು ಒಪ್ಪಿತವಾದ ವಿಧಾನ.
5. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಬಹುದು. ನೀರು ಮೈಗೆ, ಬಾಯಿಗಲ್ಲ.
6. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ.

ಅರ್ಧ ಗಂಟೆಯೊಳಗೆ ದೇಹವನ್ನು ತಂಪು ಮಾಡಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ದೂರದ ಮರುಭೂಮಿಯಲ್ಲಿ ಆಸ್ಪತ್ರೆಗೆ ಹೋಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದಲೇ ಜಗತ್ತಿನಾದ್ಯಂತ ವೈದ್ಯರು ಹೇಳುವ ಸೂತ್ರ 'ಮೊದಲು ತಂಪು, ಆಮೇಲೆ ಸಾಗಾಟ'. ಬಿಸಿಲಿನಿಂದ ಬಂದವರನ್ನು ಅರ್ಧ ಗಂಟೆ ನೀರು ಮುಟ್ಟಿಸದೆ ಕಾಯಿಸಿ ಎನ್ನುವ ಫಾರ್ವರ್ಡ್ ಕಸಿದುಕೊಳ್ಳುವುದು ಆ ಅರ್ಧ ಗಂಟೆಯನ್ನೇ.

ಕಾಣದ ಪೆಟ್ಟು: ಕಿಡ್ನಿ ಮತ್ತು ಹೃದಯ

ಕುಸಿದು ಬಿದ್ದರೆ ಎಲ್ಲರಿಗೂ ಕಾಣುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಒಣಗುವುದು ಕಾಣುವುದಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲಿ ಕಬ್ಬು ಕಡಿಯುವ ಯುವಕರಿಗೆ ಬಿಪಿ, ಶುಗರ್ ಯಾವುದೂ ಇಲ್ಲದೆ ಕಿಡ್ನಿ ಹಾಳಾಗುತ್ತಿರುವುದನ್ನು ವೈದ್ಯರು ಗಮನಿಸಿದರು. ಬಿಸಿಲಿನಲ್ಲಿ ಕಠಿಣ ದುಡಿಮೆ, ಪದೇ ಪದೇ ನೀರಿನಂಶ ಕಡಿಮೆಯಾಗುವುದು ಇದರ ಪ್ರಮುಖ ಕಾರಣಗಳೆಂದು ಕಂಡುಬಂದಿದೆ. ಗಲ್ಫ್‌ನಿಂದ ಮರಳಿದ ನೇಪಾಳದ ಯುವ ಕಾರ್ಮಿಕರಲ್ಲೂ ಕಿಡ್ನಿ ವೈಫಲ್ಯ ಕಾಣುತ್ತಿರುವ ಬಗ್ಗೆ ಅಲ್ಲಿನ ವೈದ್ಯರು ಎಚ್ಚರಿಸಿದ್ದಾರೆ.

ಇದಕ್ಕೆ ನೋವಿನ ಮಾತ್ರೆ ಸೇರಿದರೆ ಇನ್ನೂ ಕೆಟ್ಟದು. ಮೈಕೈ ನೋವೆಂದು ದಿನವೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಕ್ಯಾಂಪ್‌ಗಳಲ್ಲಿ ಸಾಮಾನ್ಯ. ಊರಿನಿಂದ ಹೋಗುವವರ ಬ್ಯಾಗಿನಲ್ಲಿ ನಾವೇ ಸ್ಟ್ರಿಪ್‌ಗಟ್ಟಲೆ ತುಂಬಿಸುತ್ತೇವೆ. ದೇಹದಲ್ಲಿ ನೀರು ಕಡಿಮೆಯಿದ್ದಾಗ ಈ ಮಾತ್ರೆಗಳು ಕಿಡ್ನಿಗೆ ರಕ್ತ ಹೋಗುವುದನ್ನು ಇನ್ನಷ್ಟು ತಗ್ಗಿಸುತ್ತವೆ.

ಹೃದಯದ ವಿಷಯವೂ ಇದೆ. 2019ರಲ್ಲಿ 'ಕಾರ್ಡಿಯಾಲಜಿ' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2009ರಿಂದ 2017ರವರೆಗೆ ಕತಾರ್‌ನಲ್ಲಿ ತೀರಿಕೊಂಡ ನೇಪಾಳಿ ಕಾರ್ಮಿಕರ ದಾಖಲೆಗಳನ್ನು ಪರಿಶೀಲಿಸಿತು. ಹೃದಯ ಸಂಬಂಧಿ ಎನ್ನಲಾದ 571 ಸಾವುಗಳಲ್ಲಿ ಸುಮಾರು 200ನ್ನು ಬಿಸಿಲಿನಿಂದ ಸರಿಯಾದ ರಕ್ಷಣೆ ಕೊಟ್ಟಿದ್ದರೆ ತಪ್ಪಿಸಬಹುದಿತ್ತು ಎಂಬುದು ಅದರ ಅಂದಾಜು. ಮರಣ ಪ್ರಮಾಣಪತ್ರದಲ್ಲಿ 'ಹೃದಯಾಘಾತ' ಅಥವಾ 'ಸಹಜ ಸಾವು' ಎಂದಷ್ಟೇ ಬರೆದಾಗ ಬಿಸಿಲಿನ ಪಾತ್ರ ಕಾಗದದಿಂದಲೇ ಮರೆಯಾಗುತ್ತದೆ.

ಸರಳ ಪರೀಕ್ಷೆ ಒಂದಿದೆ: ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಎಂದರೆ ನೀರು ಸಾಲದು. ಚಹಾ ಡಿಕಾಕ್ಷನ್ ಬಣ್ಣ ಕಂಡರೆ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟಾಗುತ್ತಿರುವ ಲಕ್ಷಣ ಅದು.

ಇನ್ನೊಂದು ಸಣ್ಣ ವಿಷಯ, ಡಬ್ಬಿಯ ಊಟ. ಬೆಳಗಿನ ಜಾವ ಕಟ್ಟಿದ ಅನ್ನ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾಂತಿ-ಭೇದಿಯಾದರೆ ದೇಹದ ನೀರು ಇನ್ನಷ್ಟು ಹೋಗುತ್ತದೆ. ಡಬ್ಬಿಯನ್ನು ಎಸಿ ಇರುವ ರೆಸ್ಟ್ ಶೆಡ್‌ನಲ್ಲೇ ಇಡಬೇಕು. ವಾಸನೆ ಬದಲಾದರೆ ತಿನ್ನಬಾರದು.

ನಾವು ಏನು ಕಳುಹಿಸಬೇಕು?

ನಮ್ಮ ಹುಡುಗ ಎರಡು ದಿನ ಆಸ್ಪತ್ರೆಯಲ್ಲಿದ್ದ. ಏರಿದ್ದ ಕ್ರಿಯೇಟಿನಿನ್ ಕೆಲ ವಾರಗಳಲ್ಲಿ ಸರಿಯಾಯಿತು. ಈಗ ಅದೇ ಸೈಟ್‌ನಲ್ಲಿದ್ದಾನೆ. ಚಿಕ್ಕಮ್ಮನಿಗೆ ತಾನು ಕಳುಹಿಸಿದ ಸಂದೇಶದ ವಿಷಯ ಗೊತ್ತಾದಾಗ ಅವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವರ ತಪ್ಪು ಎಂದು ನಾನು ಹೇಳಲಾರೆ. ಅವರು ಕಳುಹಿಸಿದ್ದು ಮಗನ ಮೇಲಿನ ಕಾಳಜಿಯಿಂದ. ಕೇಳಿದಾಗ ಉತ್ತರ ಕೊಡದೆ ಸುಮ್ಮನಿದ್ದದ್ದು ನಾನು.

ಆ ಮೇಲೆ ನಾನು ಚಿಕ್ಕಮ್ಮನ ಧ್ವನಿಯಲ್ಲೇ ಒಂದು ವಾಯ್ಸ್ ಮೆಸೇಜ್ ಮಾಡಿಸಿದೆ. ಓದುವುದಕ್ಕಿಂತ ಕೇಳುವುದು ಸೈಟ್‌ನಲ್ಲಿ ಇರುವವರಿಗೆ ಸುಲಭ, ಅದರಲ್ಲೂ ಅಮ್ಮನ ಧ್ವನಿಯಾದರೆ ಅಳಿಸುವುದಿಲ್ಲ. ನಿಮ್ಮ ಮನೆಯವರು ಯಾರಾದರೂ ಬಿಸಿಲಿನಲ್ಲಿ ದುಡಿಯುತ್ತಿದ್ದರೆ, ಅದು ಗಲ್ಫ್ ಇರಲಿ ಅಥವಾ ಬಳ್ಳಾರಿ, ರಾಯಚೂರು ಇರಲಿ, ನೀವೂ ನಿಮ್ಮ ಮಾತಿನಲ್ಲಿ ಹೇಳಿ ಕಳುಹಿಸಿ. ಅಕ್ಷರದಲ್ಲೇ ಕಳುಹಿಸುವುದಾದರೆ ಇಷ್ಟನ್ನು ಕಾಪಿ ಮಾಡಿ:

*ತಣ್ಣೀರು ಧಾರಾಳವಾಗಿ ಕುಡಿ, ಏನೂ ಆಗುವುದಿಲ್ಲ. 20 ನಿಮಿಷಕ್ಕೊಮ್ಮೆ ಒಂದು ಲೋಟ. ಮೊದಲ ವಾರ, ರಜೆಯಿಂದ ಮರಳಿದ ವಾರ ಹುಷಾರು, ಆಗದಿದ್ದರೆ ಆಗುವುದಿಲ್ಲ ಎಂದು ಫೋರ್‌ಮನ್‌ಗೆ ಹೇಳು. ನೋವಿನ ಮಾತ್ರೆ ದಿನವೂ ಬೇಡ. ಪಕ್ಕದವನ ಮಾತು ತಡವರಿಸಿದರೆ ನೆರಳಿಗೆ ತಂದು ಮೈಗೆ ಐಸ್ ನೀರು ಸುರಿ, ಆಂಬುಲೆನ್ಸ್‌ಗೆ ಫೋನ್ ಮಾಡು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡ.*